ಒಂದು ಮನೆ ಆಡಿದ ಕ್ರಿಕೆಟ್

2017ರ ಜುಲೈ 23, ಭಾನುವಾರ. ಪುಷ್ಯ ಮಳೆ ಹಿಡಿದಿತ್ತು. ಕೊಪ್ಪದಲ್ಲಿ ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬಂದಿರಲಿಲ್ಲ. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್ ನಡೆಯುತ್ತಿತ್ತು. ಮೊಬೈಲಿಗೆ ಸಿಗ್ನಲ್ ಸಿಗುವುದು ನಮ್ಮ ಜಗಲಿಯ ಒಂದೇ ಒಂದು ಮೂಲೆಯಲ್ಲಿ. ಅಲ್ಲಿ ಕಂಬಳಿ ಹೊದ್ದು ಕೂತು, ಬ್ಯಾಟರಿ ಮುಗಿಯುವ ಮೊದಲು ಮ್ಯಾಚ್ ಮುಗಿಯಲಿ ಎಂದು ಹಾರೈಸುತ್ತಾ ಸ್ಕೋರು ನೋಡುತ್ತಿದ್ದೆ. ಭಾರತಕ್ಕೆ ಬೇಕಿದ್ದದ್ದು 229. ಮೂರು ವಿಕೆಟ್ಟಿಗೆ 191 ಆಗಿತ್ತು. ಕ್ರೀಸಿನಲ್ಲಿ ನಮ್ಮ ಜಿಲ್ಲೆಯ ಹುಡುಗಿ ಇದ್ದಳು. ಗೆದ್ದೇಬಿಟ್ಟೆವು ಅಂದುಕೊಂಡೆ. ಅಲ್ಲಿಂದ ಒಂದೊಂದೇ ವಿಕೆಟ್ ಉರುಳಿ ತಂಡ 219ಕ್ಕೆ ಆಲೌಟ್ ಆಯಿತು. ಒಂಬತ್ತು ರನ್ನಿನ ಸೋಲು. ವೇದಾ ಕೃಷ್ಣಮೂರ್ತಿ 34 ಚೆಂಡಿನಲ್ಲಿ 35 ರನ್ ಹೊಡೆದು ಔಟಾಗಿದ್ದರು. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಜಿಲ್ಲೆಯ ಹುಡುಗಿ ಎಂದೆನಲ್ಲ, ವೇದಾ ಕಡೂರಿನವರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಕಡೂರು ಎಂದರೆ ಘಟ್ಟ ಇಳಿದು ಹೋಗಬೇಕಾದ ಬಯಲುಸೀಮೆ. ನಮ್ಮಲ್ಲಿ ಅಡಿಕೆ, ಕಾಫಿ, ಬಿಡದ ಮಳೆ. ಅಲ್ಲಿ ತೆಂಗು, ರಾಗಿ, ಮೋಡ ನೋಡುತ್ತಾ ಕೂರುವ ಜನ. ಆದರೂ 1947ರವರೆಗೆ ಈ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ನಮ್ಮ ಅಜ್ಜನ ಕಾಲದ ಜಮೀನಿನ ಕಾಗದಗಳಲ್ಲಿ ಈಗಲೂ ಆ ಹೆಸರೇ ಇದೆ. ಹಾಗಾಗಿ ಕಡೂರಿನ ಮಗಳನ್ನು ನಮ್ಮವಳೆನ್ನಲು ನನಗೆ ಯಾರ ಅಪ್ಪಣೆಯೂ ಬೇಕೆನಿಸುವುದಿಲ್ಲ.

ಈ ಮೂರೂ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಕಲಿಸಿದ್ದು ಸಮಾಜ ವಿಜ್ಞಾನ. ಆದರೆ ಹುಡುಗಿಯರ ತಂಡ ಕ್ರೀಡಾಕೂಟಕ್ಕೆ ಹೊರಟರೆ ಜೊತೆಗೆ ಒಬ್ಬ ಟೀಚರ್ ಇರಬೇಕಲ್ಲ, ಆ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತಿತ್ತು. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮಕ್ಕಳ ಹಿಂದೆ ಓಡಾಡುತ್ತಲೇ ಆಟ ನೋಡಲು ಕಲಿತೆ. ವೇದಾ ಅವರ ಹೆಸರನ್ನು ಪತ್ರಿಕೆಯಲ್ಲಿ ಮೊದಲು ನೋಡಿದ ದಿನದಿಂದ ನನಗೆ ಅವರ ರನ್ನಿನ ಲೆಕ್ಕಕ್ಕಿಂತ ಇನ್ನೊಂದು ವಿಷಯದ ಮೇಲೆ ಕುತೂಹಲ. ಈ ಹುಡುಗಿಯನ್ನು ಮನೆಯವರು ಕಳಿಸಿಕೊಟ್ಟದ್ದು ಹೇಗೆ?

ವೇದಾ ಹುಟ್ಟಿದ್ದು 1992ರ ಅಕ್ಟೋಬರ್ 16ರಂದು. ನಾಲ್ವರು ಮಕ್ಕಳಲ್ಲಿ ಕಡೆಯವಳು. ತಂದೆ ಕಡೂರಿನಲ್ಲಿ ಕೇಬಲ್ ಟಿ.ವಿ. ನಡೆಸುತ್ತಿದ್ದವರು. ಮೂರು ವರ್ಷದ ಮಗುವನ್ನು ಕರಾಟೆಗೆ ಸೇರಿಸಿದರು. ಮಗುವಿಗೆ ಅದು ಹಿಡಿಸಲಿಲ್ಲ. ಆದರೂ ಬಿಡದೆ ಹನ್ನೆರಡನೇ ವಯಸ್ಸಿಗೆ ಬ್ಲ್ಯಾಕ್ ಬೆಲ್ಟ್ ಪಡೆದಳು. ಮನಸ್ಸು ಮಾತ್ರ ಬೀದಿಯಲ್ಲಿ ಗಂಡುಹುಡುಗರ ಜೊತೆ ಆಡುತ್ತಿದ್ದ ಕ್ರಿಕೆಟ್ಟಿನಲ್ಲೇ ಇತ್ತು. 2005ರ ಹೊತ್ತಿಗೆ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ಗೆ ತರಬೇತಿಗೆಂದು ಹೋದಾಗ, ಅದರ ಕೋಚ್ ಇರ್ಫಾನ್ ಸೇಟ್ ಅವರ ಕಣ್ಣಿಗೆ ಬಿದ್ದಳು. ಈ ಹುಡುಗಿಯಲ್ಲಿ ಆಟ ಇದೆ ಎಂದು ಅವರಿಗೆ ಅನಿಸಿತು. ಮನೆಯವರು ಹುಡುಗಿ ಬೆಂಗಳೂರಿನಲ್ಲಿದ್ದು ಆಡಲಿ ಎಂದು ತೀರ್ಮಾನಿಸಿದರು.

ಮೇಲಿನ ಕೊನೆಯ ವಾಕ್ಯವನ್ನು ಬರೆಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅದರ ಭಾರ ಎಷ್ಟೆಂದು ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಗೊತ್ತು.

ಇಲ್ಲಿ ನನ್ನದೇ ಒಂದು ನೆನಪು ಹೇಳಬೇಕು. ವೇದಾ ಬೆಂಗಳೂರಿಗೆ ಹೋದ ಆ ವರ್ಷಗಳಲ್ಲೇ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎಂಟನೇ ತರಗತಿ. ಎತ್ತರದ ಹುಡುಗಿ, ಉದ್ದ ತೋಳು. ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ಅವಳು ಮೊದಲು ನೋಡಿದ್ದು ಜಿಲ್ಲಾ ಮಟ್ಟದ ಕೂಟಕ್ಕೆ ಥ್ರೋಬಾಲ್ ಆಡಲು ಹೋದಾಗ. ಊಟದ ಬಿಡುವಿನಲ್ಲಿ ಯಾರೋ ಬಿಟ್ಟುಹೋಗಿದ್ದ ಚೆಂಡು ಎತ್ತಿ ಬುಟ್ಟಿಗೆ ಹಾಕತೊಡಗಿದಳು. ಹತ್ತರಲ್ಲಿ ಏಳೋ ಎಂಟೋ ಬಿದ್ದವು. ನೋಡುತ್ತಿದ್ದ ತರಬೇತುದಾರರೊಬ್ಬರು ನನ್ನ ಹತ್ತಿರ ಬಂದು, ಈ ಹುಡುಗಿಯನ್ನು ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಕಳಿಸಿ ಎಂದರು. ಮರುದಿನ ಸಂಜೆ ಅವಳ ಮನೆಗೆ ಹೋದೆ. ಅಡಿಕೆ ಸುಲಿಯುತ್ತಾ ಕೂತಿದ್ದ ಅವಳ ಅಪ್ಪ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ. “ನಮ್ಮೋರು ಅಂತ ಬೆಂಗ್ಳೂರಲ್ಲಿ ಯಾರೂ ಇಲ್ಲ ಟೀಚರ್ರೆ. ಹುಷಾರಿಲ್ದಿದ್ರೆ ನೋಡಕ್ಕೆ ಹೋಗ್ಬೇಕು ಅಂದ್ರೂ ಎರಡು ದಿನ ಬೇಕು. ಹೆಂಗೆ ಬಿಡೋದು ಹೇಳಿ,” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ಆಗುವುದಿಲ್ಲ. ಅವಳ ಅಮ್ಮ ಕಾಫಿ ಕೊಟ್ಟರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

ಕಡೂರಿಗೂ ನಮ್ಮೂರುಗಳಿಗೂ ಇರುವ ಅಂತರ ಇಂಥಲ್ಲಿ ಕಾಣುತ್ತದೆ. ಕಡೂರು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿದೆ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರು. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರದವರೆಗೂ ಪುಟ್ಟ ರೈಲೊಂದು ಕಾಡು ಸೀಳಿಕೊಂಡು ಬರುತ್ತಿತ್ತು. ಅದನ್ನು ಕಿತ್ತು ಎಷ್ಟೋ ವರ್ಷಗಳಾದವು. ನಮ್ಮ ಮೂರು ತಾಲ್ಲೂಕಿಗೆ ಬಸ್ಸೇ ಗತಿ. ಕಾರ್ಮಿಕರೇ ಕಟ್ಟಿ ನಡೆಸಿದ, ಕೊಪ್ಪದ ಹೆಮ್ಮೆಯಾಗಿದ್ದ ಸಹಕಾರ ಸಾರಿಗೆ 1991ರಿಂದ ಹಳ್ಳಿಹಳ್ಳಿಗೆ ಬಸ್ಸು ಬಿಟ್ಟಿತ್ತು. 2020ರ ಫೆಬ್ರುವರಿಯಲ್ಲಿ ಅದೂ ನಿಂತಿತು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಮಾಡಿದ ಹುಡುಗಿಗೆ ಮನೆಗೆ ಹೋಗಲು ಕೊನೆಯ ಬಸ್ಸು ಸಿಗುತ್ತದೋ ಇಲ್ಲವೋ ಎನ್ನುವುದರ ಮೇಲೆ ಅವಳ ಆಟ ನಿಂತಿರುತ್ತದೆ. ನಗರದಲ್ಲಿ ಕೂತು ಪ್ರತಿಭೆಯ ಬಗ್ಗೆ ಮಾತಾಡುವವರಿಗೆ ಇದು ತಿಳಿಯುವುದಿಲ್ಲ.

ವೇದಾ 2011ರ ಜೂನ್ 30ರಂದು ಇಂಗ್ಲೆಂಡಿನಲ್ಲಿ, ಇಂಗ್ಲೆಂಡ್ ತಂಡದ ವಿರುದ್ಧವೇ ಮೊದಲ ಏಕದಿನ ಪಂದ್ಯ ಆಡಿದರು. ಹದಿನೆಂಟು ವರ್ಷ. ಮೊದಲ ಪಂದ್ಯದಲ್ಲೇ 51 ರನ್. ಹೆಣ್ಣುಮಕ್ಕಳ ಕ್ರಿಕೆಟ್ಟನ್ನು ಬಿಸಿಸಿಐ ತನ್ನ ತೆಕ್ಕೆಗೆ ತೆಗೆದುಕೊಂಡು ಆಗಿನ್ನೂ ಐದೇ ವರ್ಷ. ಭಾರತದ ಹೆಣ್ಣುಮಕ್ಕಳು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಹಾಗೆ ಕರ್ನಾಟಕದಲ್ಲೇ ಶುರುವಾದ ಕಥೆ. ಆದರೂ ಮೂವತ್ತೈದು ವರ್ಷ ಕಳೆದ ಮೇಲೂ ವಾರ್ಷಿಕ ಒಪ್ಪಂದ ಎನ್ನುವುದು ಹೆಣ್ಣುಮಕ್ಕಳಿಗೆ ಇರಲಿಲ್ಲ. ಅದು ಬಂದದ್ದು 2015ರಲ್ಲಿ. ಎಲ್ಲರಿಗಿಂತ ಮೇಲಿನ ದರ್ಜೆಗೆ ವರ್ಷಕ್ಕೆ 15 ಲಕ್ಷ ರೂಪಾಯಿ.

ಹಾಗಾದರೆ ಅವರ ಹೊಟ್ಟೆಪಾಡು? ರೈಲ್ವೆ. 2017ರಲ್ಲಿ ಲಾರ್ಡ್ಸ್ ಫೈನಲ್ಲಿಗೆ ಹೋದ ಹದಿನೈದು ಜನರ ತಂಡದಲ್ಲಿ ಹತ್ತು ಮಂದಿ ರೈಲ್ವೆ ನೌಕರರು. ಮಿಥಾಲಿ ರಾಜ್, ಹರ್ಮನ್‌ಪ್ರೀತ್ ಕೌರ್, ನಮ್ಮ ವೇದಾ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಎಲ್ಲರೂ ಆ ಹತ್ತರಲ್ಲಿದ್ದರು. ನಮ್ಮ ದೇಶದಲ್ಲಿ ಆಟವನ್ನೇ ವೃತ್ತಿ ಮಾಡಿಕೊಂಡವರು ಎಂದರೆ ಬಹುಪಾಲು ಅರ್ಥ ಇದೇ. ಬ್ಯಾಸ್ಕೆಟ್‌ಬಾಲ್ ಆಡಲಿ, ವಾಲಿಬಾಲ್ ಆಡಲಿ, ಕಬಡ್ಡಿ ಆಡಲಿ, ರೈಲ್ವೆಯೋ ಬ್ಯಾಂಕೋ ಪೊಲೀಸ್ ಇಲಾಖೆಯೋ ಕೊಡುವ ಸಂಬಳದಲ್ಲಿ ಮನೆ ನಡೆಯುತ್ತದೆ. ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಮಾಳ ಘಾಟಿ ಇಳಿದರೆ ಕಾರ್ಕಳ. ಆ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಕಬಡ್ಡಿಯಲ್ಲಿ ಭಾರತದ ನಾಯಕಿಯಾದರು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ತಂಡದಲ್ಲಿದ್ದರು. ಅವರದೂ ರೈಲ್ವೆ ಕೆಲಸ. ನಮ್ಮೂರಿನ ಹಿರಿಯರು “ಆಟ ಆಡಿ ಏನು ಸಿಗುತ್ತೆ?” ಎಂದಾಗಲೆಲ್ಲ ನಾನು ಇವರ ಹೆಸರು ಹೇಳುತ್ತಿದ್ದೆ. ಸರ್ಕಾರಿ ಕೆಲಸ ಎಂಬ ಮಾತು ಬಂದ ಕೂಡಲೇ ಹಿರಿಯರ ಕಿವಿ ನೆಟ್ಟಗಾಗುತ್ತಿತ್ತು.

ಆ 2017ರ ವಿಶ್ವಕಪ್ಪಿನಲ್ಲಿ ಫೈನಲ್ಲಿಗಿಂತ ಎಂಟು ದಿನ ಮೊದಲು ಡರ್ಬಿಯಲ್ಲಿ ನಡೆದ ಪಂದ್ಯವನ್ನು ನಾನು ಪೂರ್ತಿ ನೋಡಿದ್ದೆ. ಅವತ್ತು ಕರೆಂಟಿತ್ತು. ಎದುರಿಗೆ ನ್ಯೂಜಿಲೆಂಡ್. ಗೆದ್ದವರಿಗೆ ಸೆಮಿಫೈನಲ್, ಸೋತವರು ಮನೆಗೆ. ಮಿಥಾಲಿ ಒಂದು ಕಡೆ ನಿಧಾನವಾಗಿ ಇನ್ನಿಂಗ್ಸ್ ಕಟ್ಟುತ್ತಿದ್ದರು. ವೇದಾ ಬಂದರು. 45 ಚೆಂಡಿನಲ್ಲಿ 70 ರನ್! ಕಾಲು ಮುಂದಿಟ್ಟು, ಸೊಂಟ ತಿರುಗಿಸಿ ಹೊಡೆಯುವ ಆ ಹೊಡೆತಗಳಲ್ಲಿ ಕರಾಟೆ ಕಲಿತ ಮೈಯ ಬಿಗಿ ಇತ್ತು ಎಂದು ನನಗನಿಸಿತು. ತಿಳಿದವರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನ್ನ ಕಣ್ಣಿಗೆ ಕಂಡದ್ದು ಹಾಗೆ. ಮಿಥಾಲಿ 109, ಭಾರತ 265. ಆಮೇಲೆ ರಾಜೇಶ್ವರಿ 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಕಡೂರಿನವಳೂ ವಿಜಯಪುರದವಳೂ ಸೇರಿ ಭಾರತವನ್ನು ಸೆಮಿಫೈನಲ್ ಮುಟ್ಟಿಸಿದ್ದರು. ಊರಿನ ಮನೆಮನೆಗೆ ಟಿ.ವಿ. ತಂತಿ ಎಳೆಸಿದವರ ಮಗಳು ಅದೇ ಟಿ.ವಿ.ಯಲ್ಲಿ ಕಾಣುತ್ತಿದ್ದಳು.

ಆ ವಿಶ್ವಕಪ್ಪಿನ ನಂತರ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಲೀಗಿನ ಹೋಬಾರ್ಟ್ ಹರಿಕೇನ್ಸ್ ತಂಡದಿಂದ ಕರೆ ಬಂತು. ಹರ್ಮನ್‌ಪ್ರೀತ್ ಮತ್ತು ಸ್ಮೃತಿ ಮಂದಾನ ಅವರ ನಂತರ ಆ ಲೀಗಿಗೆ ಹೋದ ಮೂರನೆಯ ಭಾರತೀಯಳು ವೇದಾ. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಟಿ20 ವಿಶ್ವಕಪ್ ಫೈನಲ್. ನೋಡಲು ಬಂದವರು 86,174 ಜನ. ಭಾರತ ಸೋತಿತು. ಅದೇ ವೇದಾ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯ ಎಂದು ಅಂದು ಯಾರಿಗೂ ಗೊತ್ತಿರಲಿಲ್ಲ. ಇನ್ನೆರಡು ವಾರದಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಮುಂದಿನದನ್ನು ಬರೆಯಲು ನನಗೆ ಕಷ್ಟವಾಗುತ್ತದೆ.

2021ರ ಏಪ್ರಿಲ್. ಕೊರೊನಾದ ಎರಡನೇ ಅಲೆ. ನಮ್ಮ ಜಿಲ್ಲೆಯಲ್ಲಿ ಹಾಸಿಗೆ ಸಿಕ್ಕರೆ ಆಮ್ಲಜನಕ ಇಲ್ಲ, ಆಮ್ಲಜನಕ ಸಿಕ್ಕರೆ ಹಾಸಿಗೆ ಇಲ್ಲ ಎನ್ನುವ ದಿನಗಳು. ಕಡೂರಿನ ಆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಸೋಂಕು ತಗುಲಿ ಒಂಬತ್ತು ಮಂದಿಗೆ ಹರಡಿತು. ಏಪ್ರಿಲ್ ಕೊನೆಯ ಹೊತ್ತಿಗೆ ತಾಯಿ ತೀರಿಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ ಅಕ್ಕ ಹೋದರು. ಸೋಂಕು ತಗುಲದೆ ಉಳಿದ ವೇದಾ ಎಲ್ಲರ ಚಿಕಿತ್ಸೆಗಾಗಿ ಫೋನು ಹಿಡಿದು ಕೂತಿದ್ದರು. ಅಷ್ಟು ನೋವಿನಲ್ಲೂ ಬೇರೆಯವರಿಗೆ ಹಾಸಿಗೆ, ಔಷಧ ಬೇಕೆಂಬ ಕೋರಿಕೆಗಳನ್ನು ತಮ್ಮ ಖಾತೆಯಿಂದ ಹಂಚುತ್ತಿದ್ದರು.

ಅದೇ ಮೇ ತಿಂಗಳಲ್ಲಿ ಇಂಗ್ಲೆಂಡ್ ಪ್ರವಾಸದ ತಂಡ ಪ್ರಕಟವಾಯಿತು, ವೇದಾ ಇರಲಿಲ್ಲ. ಹೊಸ ಒಪ್ಪಂದದ ಪಟ್ಟಿ ಬಂತು, ಅದರಲ್ಲೂ ಹೆಸರಿರಲಿಲ್ಲ. ಆಟದ ಲೆಕ್ಕದಲ್ಲಿ ಕಾರಣ ಹೇಳಬಹುದು. ಹಿಂದಿನ ವರ್ಷ ಅವರ ಬ್ಯಾಟಿನಿಂದ ರನ್ ಹೆಚ್ಚು ಬಂದಿರಲಿಲ್ಲ. ಆದರೆ ಮನೆಯಲ್ಲಿ ಎರಡು ಸಾವು ಕಂಡ ಆಟಗಾರ್ತಿಗೆ ಮಂಡಳಿಯಿಂದ ಒಂದು ಫೋನೂ ಬಂದಿಲ್ಲವೆಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲೀಸಾ ಸ್ಥಳೇಕರ್ ಬಹಿರಂಗವಾಗಿ ಆಕ್ಷೇಪಿಸಿದರು. ಆಮೇಲೆ ಮಂಡಳಿಯ ಆಗಿನ ಕಾರ್ಯದರ್ಶಿ ಜಯ್ ಶಾ ಮಾತಾಡಿಸಿದರು, ವೇದಾ ಅದಕ್ಕೆ ಧನ್ಯವಾದವನ್ನೂ ಹೇಳಿದರು. ತಂಡದಿಂದ ಕೈಬಿಡುವುದು ಆಯ್ಕೆಗಾರರ ಹಕ್ಕು. ಅದಕ್ಕೂ ಮೊದಲು ಒಬ್ಬರು ಮನೆಗೆ ಹೋಗಿ ಕೂತು ಬರಬೇಕಿತ್ತು. ನಮ್ಮ ಕಡೆ ಸೂತಕದ ಮನೆಗೆ ಜಗಳವಾಡಿದವರೂ ಹೋಗಿ ಬರುತ್ತಾರೆ.

ಆಟಗಾರರ ಬಗ್ಗೆ ಬರೆಯುವವರು ವೃತ್ತಿ ಒಂದು ಕಡೆ, ಕುಟುಂಬ ಒಂದು ಕಡೆ ಇಟ್ಟು ಬರೆಯುತ್ತಾರೆ. ಮೈದಾನದಲ್ಲಿ ಆಡುವವಳು ಒಬ್ಬಳು, ಮನೆಯಲ್ಲಿರುವವಳು ಇನ್ನೊಬ್ಬಳು ಎನ್ನುವ ಹಾಗೆ. ವೇದಾ ವಿಷಯದಲ್ಲಿ ನನಗೆ ಹಾಗೆ ಬೇರೆ ಮಾಡಲು ಬರುವುದಿಲ್ಲ. ಹನ್ನೆರಡು ಹದಿಮೂರರ ಹುಡುಗಿ ಊರು ಬಿಟ್ಟು ಹೋಗಿ ಆಡಬೇಕಾದರೆ ಹಿಂದೆ ನಿಂತ ಒಂದು ಮನೆ ಇರಬೇಕು. ಅಪ್ಪ ದುಡ್ಡು ಹೊಂದಿಸಬೇಕು. ಅಮ್ಮ ನೆಂಟರಿಷ್ಟರ ಮಾತು ನುಂಗಬೇಕು. ಅಕ್ಕ ಎನ್ನುವವಳು ಅರ್ಧ ಅಮ್ಮನಾಗಬೇಕು. ಆ ಮನೆಯ ಎರಡು ಕಂಬ ಎರಡು ವಾರದಲ್ಲಿ ಬಿದ್ದವು. ಅದಾದ ಮೇಲೂ ಬ್ಯಾಟ್ ಹಿಡಿದು ಕರ್ನಾಟಕ ತಂಡಕ್ಕೆ ಆಡಿದರು, ನಾಯಕತ್ವ ವಹಿಸಿದರು. ನನ್ನ ಪಾಲಿಗೆ ಡರ್ಬಿಯ 70ಕ್ಕಿಂತ ದೊಡ್ಡ ಆಟ ಅದು.

2023ರ ಜನವರಿಯಲ್ಲಿ ಕರ್ನಾಟಕಕ್ಕೇ ಆಡಿದ ಕ್ರಿಕೆಟಿಗ ಅರ್ಜುನ್ ಹೊಯ್ಸಳ ಅವರೊಂದಿಗೆ ವೇದಾ ಅವರ ಮದುವೆಯಾಯಿತು. ಮದುವೆಗೆ ಆರಿಸಿಕೊಂಡದ್ದು ಅಮ್ಮನ ಹುಟ್ಟುಹಬ್ಬದ ದಿನವನ್ನು. ಫೋಟೋದ ಜೊತೆ ಅಮ್ಮನನ್ನೂ ಅಕ್ಕನನ್ನೂ ನೆನೆದಿದ್ದರು. ಅದನ್ನು ಓದಿ ನನ್ನ ಕಣ್ಣು ತುಂಬಿತ್ತು.

ಆಟಕ್ಕೆ ಹಣದ ದಿನಗಳು ಬಂದದ್ದೂ ಸುಮಾರು ಆ ಹೊತ್ತಿಗೇ. 2022ರ ಅಕ್ಟೋಬರಿನಲ್ಲಿ ಹೆಣ್ಣು ಗಂಡು ಇಬ್ಬರಿಗೂ ಒಂದೇ ಪಂದ್ಯ ಶುಲ್ಕ ಎಂದು ಬಿಸಿಸಿಐ ಘೋಷಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು. ಮೊದಲ ಹರಾಜಿನಲ್ಲೇ ಬೆಂಗಳೂರು ತಂಡ ಸ್ಮೃತಿ ಮಂದಾನ ಅವರಿಗೆ 3.40 ಕೋಟಿ ಕೊಟ್ಟಿತು. ಆ ವರ್ಷ ವೇದಾ ಯಾವ ತಂಡದಲ್ಲೂ ಇರಲಿಲ್ಲ. ಮರುವರ್ಷಕ್ಕೆ ಗುಜರಾತ್ ಜೈಂಟ್ಸ್ ಅವರನ್ನು 30 ಲಕ್ಷಕ್ಕೆ ತೆಗೆದುಕೊಂಡಿತು. 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದರು. 48 ಏಕದಿನ ಪಂದ್ಯ, 829 ರನ್. 76 ಟಿ20, 875 ರನ್. ಐದು ಆರನೇ ಕ್ರಮಾಂಕದಲ್ಲಿ, ಓವರು ಮುಗಿಯುತ್ತಿರುವಾಗ ಬಂದು ಹೊಡೆಯಬೇಕಾದವರ ಲೆಕ್ಕ ಹೀಗೇ ಇರುತ್ತದೆ. ಇದನ್ನು ಬರೀ ಮೊತ್ತ ನೋಡಿ ಅಳೆಯಬಾರದು. ಅದೇ ವರ್ಷದ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಲಾರ್ಡ್ಸಿನ ಆ ಒಂಬತ್ತು ರನ್ನಿನ ನೋವು ನನ್ನಲ್ಲಿ ಅಂದು ಕರಗಿತು. ದಾರಿ ತುಳಿದವರು ಬೇರೆ, ಗುರಿ ಮುಟ್ಟಿದವರು ಬೇರೆ. ಕಪ್ಪಿನಲ್ಲಿ ಇಬ್ಬರ ಪಾಲೂ ಇದೆ.

ನಮ್ಮ ತಾಲ್ಲೂಕುಗಳ ಮಾತಿಗೆ ಬರುತ್ತೇನೆ. ಶಾಲಾ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಬಯಲುಸೀಮೆಗೆ ಅದು ಸರಿ. ಶೃಂಗೇರಿ, ಕೊಪ್ಪದಲ್ಲಿ ಆ ಹೊತ್ತಿಗೆ ಮೈದಾನ ನಾಟಿ ಮಾಡುವ ಗದ್ದೆಯಂತಿರುತ್ತದೆ. ಹುಡುಗಿಯರು ಉಂಬಳ ಕಿತ್ತು ಬಿಸಾಡುತ್ತಾ ಕೆಸರಿನಲ್ಲಿ ಖೋ-ಖೋ ಓಡುವುದನ್ನು, ಜಾರಿ ಬಿದ್ದು ಮೊಣಕಾಲು ತರಚಿಕೊಳ್ಳುವುದನ್ನು ಎಷ್ಟು ವರ್ಷ ನೋಡಿದ್ದೇನೋ. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಆಡೋಣ ಎಂದರೆ ಪರೀಕ್ಷೆ ಎದುರಿಗಿರುತ್ತದೆ. ಗಂಡುಹುಡುಗರು ಗದ್ದೆ ಬಯಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ, ರಾತ್ರಿ ದೀಪ ಹಾಕಿ ವಾಲಿಬಾಲ್ ಟೂರ್ನಮೆಂಟ್ ನಡೆಸುತ್ತಾರೆ, ಊರಿಗೆ ಊರೇ ಹೋಗಿ ಕೂತು ನೋಡುತ್ತದೆ. ಹುಡುಗಿಯರ ಪಾಲಿಗೆ ಇರುವುದು ಮಳೆಗಾಲದ ಆ ಎರಡು ತಿಂಗಳಷ್ಟೆ. ತಾಲ್ಲೂಕಿಗೆ ಒಂದು, ಹೆಚ್ಚು ಬೇಡ, ಮೇಲೆ ತಗಡಿನ ಸೂರು ಇರುವ ಒಂದೇ ಒಂದು ಅಂಕಣ ಬೇಕು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬವನ್ನೂ ನೆಡಬಹುದು, ಕಬಡ್ಡಿ ಮ್ಯಾಟನ್ನೂ ಹಾಸಬಹುದು, ಬಲೆ ಕಟ್ಟಿ ಬ್ಯಾಟಿಂಗನ್ನೂ ಮಾಡಬಹುದು. ಅಡಿಕೆ ಒಣಗಿಸಲು ಊರೂರಲ್ಲಿ ದೊಡ್ಡ ದೊಡ್ಡ ಶೆಡ್ಡು ಕಟ್ಟುವ ನಮಗೆ ಇದು ಆಗದ ಕೆಲಸವಲ್ಲ. ಜೊತೆಗೆ ಅಭ್ಯಾಸ ಮುಗಿಸಿದ ಮಕ್ಕಳನ್ನು ಸಂಜೆ ಆರೂವರೆಗೆ ಮನೆ ಮುಟ್ಟಿಸುವ ಒಂದು ವಾಹನ.

ಅಂದು ಬಾಗಿಲ ಹಿಂದೆ ನಿಂತಿದ್ದ ಹುಡುಗಿಗೆ ಈಗ ಇಬ್ಬರು ಮಕ್ಕಳು. ದೊಡ್ಡವಳು ಅಮ್ಮನಂತೆಯೇ ಎತ್ತರ. ಕಳೆದ ವರ್ಷ ಪೇಟೆಯಲ್ಲಿ ಸಿಕ್ಕಾಗ, ಮಗಳು ಥ್ರೋಬಾಲಿನಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ ಎಂದು ಹೇಳಿದಳು. ಪಂದ್ಯ ನೋಡಲು ಹೋದೆ. ಸಣ್ಣ ಮಳೆ ಬರುತ್ತಿತ್ತು. ಅಂಕಣದ ಸುತ್ತ ನಿಂತಿದ್ದವರು ಟೀಚರುಗಳು, ಆಡಿ ಸೋತ ತಂಡಗಳ ಮಕ್ಕಳು, ಮತ್ತೆ ಕೊಡೆ ಹಿಡಿದ ಈ ಒಬ್ಬ ತಾಯಿ. ಹತ್ತು ತಂಡಗಳ ಆಟಕ್ಕೆ ನೋಡಲು ಬಂದ ತಾಯಿ ಒಬ್ಬಳೇ.

ಈ ಸಲ ನಿಮ್ಮ ಮಗಳು ಆಡುವ ದಿನ ತೋಟದ ಕೆಲಸ ಒಂದು ಹೊತ್ತು ನಿಲ್ಲಿಸಿ, ಕೊಡೆ ತೆಗೆದುಕೊಂಡು ಮೈದಾನಕ್ಕೆ ಬನ್ನಿ. ಅಪ್ಪಂದಿರೂ ಬನ್ನಿ.